ಮೀಸೆಯ ಚಂದ್ರ

ಬೆಲ್ಲದ ಮಂಡಿಯ ಲಿಂಗಣ್ಣನವರಿಗೆ ಚಂದ್ರ ಹೇಗೆ ಹುಟ್ಟುತ್ತಾನೆಂದು ನೋಡಬೇಕೆನ್ನಿಸಿದ್ದೇ ಎಲ್ಲ ಅನರ್ಥಕ್ಕೂ ಮೂಲವಾಯಿತು. ಆಕಾಶದ ಚಂದ್ರನಲ್ಲ, ಅವನ ವಿಚಾರದಲ್ಲಿ ಅವರಿಗೆ ಯಾವ ಸಂಶಯವೂ ಇರಲಿಲ್ಲ. ಸರಗೂರಿನ ಹೊಳೆಯಂಚಿನ ಬಯಲಿನಲ್ಲಿ ಡೇರೆ ಹಾಕಿದ್ದ ನಾಟಕದ ಕಂಪನಿಯವರ ಪರದೆಯ ಚಂದ್ರ.

ಲಿಂಗಣ್ಣನವರು ಕೆಟ್ಟವರಲ್ಲ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಕಹಿಯಿಲ್ಲ. ಆದರೆ ಮುಚ್ಚಿದ್ದನ್ನು ಮುಚ್ಚಿದಂತೆಯೇ ಬಿಡುವ ಗುಣವನ್ನು ದೇವರು ಅವರಿಗೆ ಕೊಟ್ಟಿರಲಿಲ್ಲ. ಮುಸುಕು ಹಾಕಿದ ಬುಟ್ಟಿಯೊಂದು ಅವರ ಮಂಡಿಯ ಮುಂದೆ ಹಾದುಹೋಗಬೇಕಾದರೆ, ಸುಂಕದ ಕಟ್ಟೆಯ ಮುಂದೆ ನಿಂತಂತೆ ನಿಂತು, ಬಟ್ಟೆಯೆತ್ತಿ ತೋರಿಸಿ, ಅನಂತರ ಮುಂದೆ ಸಾಗಬೇಕಾಗಿತ್ತು.

ಅಂಥವರ ಕಣ್ಣಿಗೆ ಆ ಚಂದ್ರ ಬಿದ್ದ. ನೀಲಿ ಬಳಿದ ಪರದೆಯಲ್ಲಿ, ಕಾಡಿನ ಚಿತ್ರದ ಮೇಲ್ಗಡೆ, ರಾಣಿ ವಿರಹದ ಹಾಡನ್ನು ಎತ್ತಿಕೊಂಡ ಕೂಡಲೆ ಅವನು ಮೆಲ್ಲಗೆ ಬೆಳಗುತ್ತಿದ್ದ. ಹಾಡು ಮುಗಿದೊಡನೆ ಆರುತ್ತಿದ್ದ. ಕನ್ನಡಿಯೋ, ಲಾಂದ್ರವೋ, ಇನ್ನಾವ ಯುಕ್ತಿಯೋ ಎಂಬುದು ಎರಡು ಆಟ ನೋಡಿದರೂ ಬಗೆಹರಿಯಲಿಲ್ಲ. ಮೂರನೆಯ ಆಟದ ದಿನ ಲಿಂಗಣ್ಣನವರು ಕುರ್ಚಿ ಬಿಟ್ಟೆದ್ದು, ಡೇರೆಯ ಹಿಂಬದಿಯಿಂದ ನುಸುಳಿ, ಒಳಗಿನ ಕತ್ತಲಲ್ಲಿ ತಡವರಿಸುತ್ತ ನಡೆದರು. ದಾರಿಯಲ್ಲಿ ಬಣ್ಣದವರು ಇಟ್ಟಿದ್ದ ಬಿಳಿಯ ಪುಡಿಯ ತಟ್ಟೆಗೆ ಕೈಯಿಟ್ಟು, ಅದೇ ಕೈಯಿಂದ ಮುಖದ ಬೆವರನ್ನೊರೆಸಿಕೊಂಡರು. ಪರದೆಯ ಹಿಂದೆ ಒಂದು ಏಣಿ. ಏಣಿಯ ತುದಿಯಲ್ಲಿ ಬಿದಿರಿನ ಬಳೆ ಕಟ್ಟಿದ ದುಂಡನೆಯ ತೂತು. ತೂತಿಗೆ ಅಂಟಿಸಿದ್ದ ಎಣ್ಣೆಕಾಗದ ಹರಿದುಹೋಗಿ, ಬೇರೆ ಕಾಗದ ತರಲು ದೀಪದವನು ಆಚೆ ಹೋಗಿದ್ದ. ಚಂದ್ರನಿರುವ ಜಾಗದಿಂದ ಜನ ಹೇಗೆ ಕಾಣುತ್ತಾರೋ ನೋಡೋಣವೆಂದು ಲಿಂಗಣ್ಣನವರು ಏಣಿ ಹತ್ತಿ ಮುಖ ತೂರಿಸಿದರು. ಮುಖ ಹೋಯಿತು. ಕಿವಿಗಳೂ ಹೋದವು. ಹಿಂದಕ್ಕೆ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಮುಂದಿನ ಪರದೆ ಎದ್ದಿತು.

ಅಂದು ರಾಣಿ ಹಾಡು ಮುಗಿಸುವವರೆಗೆ ಸರಗೂರಿನ ಆಕಾಶದಲ್ಲಿ ಮೀಸೆಯುಳ್ಳ ಚಂದ್ರನೊಬ್ಬ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿದ್ದ. ನೀನೂ ನನ್ನಂತೆ ಒಂಟಿಯೇನೋ ಎಂದು ರಾಣಿ ಕೈಚಾಚಿ ಕೇಳಿದಾಗ, ಮೂಗಿಗೆ ಹೊಕ್ಕ ಬಿಳಿಯ ಪುಡಿಯ ದೆಸೆಯಿಂದ ಚಂದ್ರ ಸೀನಿದ. ಜನ ಬೆಂಚು ಮುರಿಯುವಂತೆ ನಕ್ಕರು. ಹಿಂದಿನಿಂದ ಯಾರೋ ಕಾಲು ಹಿಡಿದೆಳೆದು ಅವರನ್ನು ಬಿಡಿಸಿದರು. ಬಿಡಿಸಿದವರು ಕಂಪನಿಯ ಹಾಸ್ಯಪಾತ್ರದ ಖದೀರ್ ಸಾಹೇಬರು. ಬಿಳಿಯ ಪುಡಿಯ ಪುಣ್ಯದಿಂದ ಆ ಮುಖ ಯಾರದೆಂದು ಊರಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ತಿಳಿದವರು ಖದೀರ್ ಸಾಹೇಬರು ಒಬ್ಬರೇ.

ತಿಳಿಯಬಾರದವರಿಗೇ ತಿಳಿದಿತ್ತು ಎಂಬುದೇ ತೊಂದರೆ. ಬೇರೆ ಊರುಗಳಲ್ಲಿ ಬೆಳಗಿನವರೆಗೆ ಆಡುವ ಕಂಪನಿ, ಕಾಡಂಚಿನ ಸರಗೂರಿನಲ್ಲಿ ಮಾತ್ರ ಹಗಲಿನಲ್ಲೇ ಆಡುತ್ತಿತ್ತು. ಹೊತ್ತು ಮುಳುಗಿದ ಮೇಲೆ ಹಳ್ಳಿಯ ದಾರಿಗಳು ಆನೆಗಳಿಗೆ ಸೇರಿದವು. ಆದ್ದರಿಂದ ಡೇರೆಯ ಮೇಲೆ ಕರಿಯ ಟಾರ್ಪಾಲು ಹೊದಿಸಿ, ಮಧ್ಯಾಹ್ನವೇ ದೀಪ ಹಚ್ಚಿ, ದನಗಳು ಮನೆಗೆ ಬರುವ ಮೊದಲು ಆಟ ಮುಗಿಸುತ್ತಿದ್ದರು. ಮುಖ್ಯ ನಾಟಕ ಮುಗಿದ ಮೇಲೆ, ಮಂಗಳಕ್ಕೆ ಮುಂಚೆ, ಗಳಿಗೆ ಹೊತ್ತಿನ ಒಂದು ಪ್ರಹಸನ. ಜನ ಬರುತ್ತಿದ್ದುದೇ ಅದಕ್ಕಾಗಿ. ಊರಿನ ಯಾರಾದರೊಬ್ಬರ ನಡೆನುಡಿಯನ್ನು ಬೆಳಿಗ್ಗೆ ಬೀದಿಯಲ್ಲಿ ಕಂಡು, ಮಧ್ಯಾಹ್ನಕ್ಕೆ ಅದನ್ನೇ ರಂಗದ ಮೇಲೆ ತಂದಿಡುವುದು ಖದೀರ್ ಸಾಹೇಬರ ಕಸುಬು. ಹೆಸರು ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಡೇರೆಯಲ್ಲಿ ಯಾವ ಮುಖ ನಗುತ್ತಿಲ್ಲವೋ ಆ ಮುಖದವರದೇ ಆ ಪ್ರಹಸನ ಎಂಬುದು ಸರಗೂರಿನಲ್ಲಿ ಸ್ಥಿರಪಟ್ಟ ನ್ಯಾಯವಾಗಿತ್ತು. ಹೀಗಾಗಿ ಪ್ರಹಸನದ ವೇಳೆಯಲ್ಲಿ ಅರ್ಧ ಜನ ರಂಗಕ್ಕೆ ಬೆನ್ನು ತಿರುಗಿಸಿ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು. ಕಿವಿ ಕೇಳಿಸದವರು ಕೂಡ ಮುಂಜಾಗ್ರತೆಗಾಗಿ ಮೊದಲೇ ನಗಲು ತೊಡಗುತ್ತಿದ್ದರು.

ಮುಂದಿನ ಸಂತೆಯ ದಿನ ಬೆಳಿಗ್ಗೆ ಲಿಂಗಣ್ಣನವರು ಹೊಸ ಕರಿಯ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಹೆಂಡತಿ ಶಿವರುದ್ರಮ್ಮ ಬಾಗಿಲಲ್ಲಿ ನಿಂತು ಹೇಳಿದರು:

"ಗಾವಡಗೆರೆ ಬೀಗರು ಮಧ್ಯಾಹ್ನದ ಊಟಕ್ಕೆ ಬತ್ತಾರಂತೆ. ಗಾಡಿಯೋನು ಹೇಳಿ ಹೋದ. ಊಟ ಆದ್ಮೇಲೆ ನಾಟಕ ನೋಡ್ಬೇಕಂತೆ. ಎಲ್ಲಾ ಮನಸ್ಸಿಗೆ ಬಂದ್ರೆ ಸಂಜೆಗೇ ವೀಳ್ಯ ಬದಲಾಯಿಸೋದಂತೆ."

"ನಾಟಕ ಯಾಕೆ? ಬೇರೆ ಏನಾದ್ರೂ ತೋರ್ಸೋಣ. ಹೊಳೆ ತೋರ್ಸೋಣ."

"ಗಾವಡಗೆರೆಯಿಂದ ಗಾಡಿ ಕಟ್ಕೊಂಡು ನೀರು ನೋಡಕ್ಕೆ ಬತ್ತಾರಾ? ನಿಮಗೊಂದು ಮಾತು ಮೊದಲೇ ಹೇಳ್ತೀನಿ. ಅವರಿಗೆ ಒಡವೆ ಬೇಡ, ವಸ್ತ್ರ ಬೇಡ. ಬೀಗರಾಗೋರು ಗಂಭೀರವಾಗಿರಬೇಕು ಅಂತ ಒಂದೇ ಮಾತು. ಅವರ ಚೀಲ ಬಿಚ್ಚಿ ನೋಡೋದು, ಗಾಡಿ ಕೆಳಗೆ ಬಗ್ಗಿ ನೋಡೋದು ಎಲ್ಲಾ ಇವತ್ತೊಂದಿನ ಕಟ್ಟಿಡಿ."

ಒಳಗಿನಿಂದ ಮಗಳು ಕೆಂಪಾಜಮ್ಮನ ದನಿ ಬಂದಿತು. "ಅಪ್ಪಾಜಿ, ದಮ್ಮಯ್ಯ."

ಹುಣಸೂರಿನ ಶಾಲೆಯಲ್ಲಿ ಮೇಷ್ಟರಾಗಿದ್ದ ಆ ಹುಡುಗ ಸೋದರಮಾವನೊಡನೆ ಬಂದು ಹುಡುಗಿಯನ್ನು ನೋಡಿ ಹೋದಂದಿನಿಂದ ಕೆಂಪಾಜಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಮಾತೆಲ್ಲ ಸೋದರಮಾವನ ಮೂಲಕವೇ ನಡೆದಿತ್ತು. ಹುಡುಗನ ತಂದೆ ವೀರಭದ್ರಸ್ವಾಮಿಯವರನ್ನು ಲಿಂಗಣ್ಣನವರು ಇನ್ನೂ ಕಂಡಿರಲಿಲ್ಲ. ಅವರ ಒಂದು ಮಾತು ಬಾಕಿ. ಆ ಮಾತು ಇಂದು ಸಂಜೆ ಬರಬೇಕು. ಅದಕ್ಕೆ ಮುಂಚೆ ಅವರು ಡೇರೆಯಲ್ಲಿ ಕೂತು ಖದೀರ್ ಸಾಹೇಬರ ಪ್ರಹಸನ ನೋಡಬೇಕು. ಲಿಂಗಣ್ಣನವರ ಹೊಸ ಕೋಟಿನೊಳಗೆ ಬೆವರು ಹರಿಯಿತು.

ಜಗುಲಿಗೆ ಬಂದರೆ ಅಲ್ಲಿ ಪಕ್ಕದ ಮನೆಯ ದೊಡ್ಡಮಾದಯ್ಯ ಕಾದು ಕುಳಿತಿದ್ದ. ಕಾಡಿನ ಇಲಾಖೆಯಲ್ಲಿ ಗಾರ್ಡಾಗಿದ್ದು ನಿವೃತ್ತನಾದವನು. ಮಾಡಲು ಕೆಲಸವಿಲ್ಲದೆ ಸೊರಗಿದ್ದ ಮನುಷ್ಯ ಮೀಸೆಯ ಚಂದ್ರ ಉದಯಿಸಿದ ಮೇಲೆ ಚಿಗುರಿದ್ದ.

"ಲಿಂಗಣ್ಣೋರೆ, ಒಸಿ ಬೆಳಕಿಗೆ ಬನ್ನಿ."

"ಯಾಕಯ್ಯ?"

"ಮೀಸೆ ನೋಡ್ಬೇಕಿತ್ತು." ಅವನು ತಲೆಯನ್ನು ಓರೆ ಮಾಡಿ ನೋಡಿದ. "ಮೊನ್ನೆಗಂಟ ಚೇಳಿನ ಕೊಂಡಿ ಅಂಗಿತ್ತು. ಈಗ ಇರುವೆ ಸಾಲಾಗದೆ."

"ಸೆಕೆ ಕಣಯ್ಯ."

"ಮೀಸೆಗೂ ಸೆಕೆ ಆಯ್ತದಾ?"

"ನಿನಗೆ ಬೇರೆ ಕೆಲಸ ಇಲ್ವೇನಯ್ಯ?"

"ಉಲಿ ಎಜ್ಜೆ ನೋಡಿ ಗಂಡೋ ಎಣ್ಣೋ, ಉಂಡದೋ ಅಸ್ದದೋ ಯೋಳ್ತಿದ್ದೋನು ನಾನು. ಒಂದು ಮೀಸೆ ಪತ್ತೆ ಮಾಡಕ್ಕಾಗಕಿಲ್ವಾ? ಇನ್ನೊಂದೆಲ್ಡು ಮೂತಿ ಉಳ್ಕಂಡದೆ, ಅಷ್ಟೆ. ಅದೂ ಬ್ಯಾಡ ಬುಡಿ. ಇವತ್ತು ಖದೀರ್ ಸಾಬ್ರು ಚಂದ್ರನ್ನೇ ಆಡ್ತಾರಂತೆ. ನಗದೇ ಇರೋ ಮೂತಿ ಯಾವ್ದೂಂತ ನೋಡ್ಕಂಡ್ರೆ ಆಯ್ತು."

ಲಿಂಗಣ್ಣನವರು ಹಸುವಿಗೆ ಹುಲ್ಲು ನೋಡುವ ನೆಪ ಹೇಳಿ ಹಿತ್ತಿಲಿಗೆ ಹೋಗಿ, ಹಿತ್ತಿಲಿನ ಬೇಲಿ ಹಾರಿ, ಹೊಳೆಯ ಬಳಿಯ ಛತ್ರದ ದಾರಿ ಹಿಡಿದರು.

ಛತ್ರದ ಪಡಸಾಲೆಯಲ್ಲಿ ಖದೀರ್ ಸಾಹೇಬರು ಋಷಿಯೊಬ್ಬನ ಗಡ್ಡವನ್ನು ಬಾಚಣಿಗೆಯಿಂದ ಬಾಚುತ್ತಿದ್ದರು. ಸಣಕಲು ದೇಹ, ಹಿಡಿಯಷ್ಟು ಮುಖ. ಬಾಗಿಲಲ್ಲಿ ನೆರಳಾಡಿದ್ದನ್ನು ಕಂಡು, "ಬನ್ನಿ ಯಜಮಾನ್ರೆ. ಹಗಲು ಹೊತ್ತಲ್ಲೇ ಬೆಳದಿಂಗಳು ಬಂತಲ್ಲ," ಎಂದರು.

"ಸಾಹೇಬ್ರೆ, ಮೆಲ್ಲಗೆ. ನನ್ನ ಮಾನ ನಿಮ್ಮ ಕೈಲಿದೆ. ಇವತ್ತು ಬೀಗರು ಬತ್ತಾ ಇದಾರೆ. ಚಂದ್ರನ್ನ ಕೈ ಬಿಡಿ."

"ಬಿಡ್ತೀನಿ ಸ್ವಾಮಿ. ಹೆಣ್ಣುಮಗುವಿನ ಮದುವೆ ಮಾತು, ನನಗೂ ಹೆಣ್ಣುಮಕ್ಕಳಿದ್ದಾರೆ. ಆದ್ರೆ ಜನಕ್ಕೆ ಏನು ತೋರಿಸ್ಲಿ? ರಾಜ ಕಾಡಿಗೆ ಹೋಗೋವಾಗ ನಿದ್ದೆಗೆ ಬಿದ್ದೋರು ನನ್ನ ಕೆಮ್ಮಿಗೆ ಏಳ್ತಾರೆ. ಎದ್ದೋರಿಗೆ ಏನಾದ್ರೂ ಇಡಬೇಕಲ್ಲ. ನಿಮ್ಮ ಪಕ್ಕದ ಮನೆ ಗಾರ್ಡ್ ಸಾಹೇಬರನ್ನ ಆಡ್ಲೇನು?"

ಕೆರಳಿದ ದೊಡ್ಡಮಾದಯ್ಯ ಸುಮ್ಮನಿರುವ ದೊಡ್ಡಮಾದಯ್ಯನಿಗಿಂತ ಅಪಾಯ. "ಅವನು ಬೇಡ."

"ಗಾಣದ ಮುದ್ದಯ್ಯ?"

"ನನ್ನ ಹೆಂಡತಿ ಕಡೆಗೆ ಬೇಕಾದೋರು."

"ಎಲೆ ಮಾರೋ ಪುಟ್ಟಸಿದ್ದಮ್ಮ?"

"ಅವಳ ಬಾಯಿ ನಿಮಗೆ ಗೊತ್ತಿಲ್ಲ."

ಖದೀರ್ ಸಾಹೇಬರು ಗಡ್ಡವನ್ನು ಗೂಟಕ್ಕೆ ತೂಗುಹಾಕಿ ನಿಟ್ಟುಸಿರಿಟ್ಟರು. ಆಗ ಲಿಂಗಣ್ಣನವರಿಗೆ ಮಿಂಚಿನಂಥ ಒಂದು ಯೋಚನೆ ಹೊಳೆಯಿತು.

"ಈ ಊರೋರೇ ಬೇಡ ಸಾಹೇಬ್ರೆ. ಸಂತೆ ದಿನ, ಎಲ್ಲೆಲ್ಲಿಂದಲೋ ಜನ ಬಂದಿರ್ತಾರೆ. ಯಾರಾದ್ರೂ ಪರಸ್ಥಳದೋರನ್ನ ಹಿಡಿದು ಆಡಿ. ಸಂಜೆಗೆ ಗಾಡಿ ಕಟ್ಕೊಂಡು ಹೋಗ್ಬಿಡ್ತಾರೆ. ಯಾರಿಗೂ ನೋವಿಲ್ಲ."

"ತಲೆ ಅಂದ್ರೆ ತಲೆ," ಎಂದು ಖದೀರ್ ಸಾಹೇಬರು ಮೆಚ್ಚಿ ನೋಡಿದರು. "ಅದಕ್ಕೇ ಅವತ್ತು ಆ ತೂತಿಂದ ಸುಲಭವಾಗಿ ಈಚೆ ಬರಲಿಲ್ಲ. ಆಯ್ತು, ಹಂಗೇ ಮಾಡ್ತೀನಿ. ಒಂದು ಸಣ್ಣ ಉಪಕಾರ ಆಗ್ಬೇಕು. ನಮ್ಮ ಪೆಟ್ಟಿಗೇಲಿ ರಾಜರ ಬಟ್ಟೆ ಇದೆ, ರಾಕ್ಷಸರ ಬಟ್ಟೆ ಇದೆ. ಮನುಷ್ಯರು ಹಾಕ್ಕೊಳ್ಳೋ ಒಂದು ಒಳ್ಳೇ ಕೋಟಿಲ್ಲ."

ಬೀಗರ ಮುಂದೆ ತೊಡಬೇಕೆಂದೇ ಹೊಲಿಸಿದ ಕೋಟು. ಆದರೆ ಮಾನವಿದ್ದರೆ ತಾನೆ ಅದರ ಮೇಲೆ ಕೋಟು. ಲಿಂಗಣ್ಣನವರು ನಿಂತಲ್ಲೇ ಕಳಚಿ ಕೊಟ್ಟರು.

ಎದೆಯ ಭಾರ ಇಳಿದು ಬೀದಿಗೆ ಬಂದವರಿಗೆ ಮನೆಗೆ ಹೋಗುವುದೊಂದೇ ಉಳಿದಿತ್ತು. ಹೋಗಿದ್ದರೆ ಚೆನ್ನಾಗಿತ್ತು. ಆದರೆ ಸಂತೆಯ ಬಾಯಲ್ಲೇ ಪುಟ್ಟಸಿದ್ದಮ್ಮ ವೀಳ್ಯದೆಲೆಯ ಬುಟ್ಟಿಯ ಹಿಂದಿನಿಂದ ಕರೆದಳು.

"ಲಿಂಗಣ್ಣಪ್ಪೋ, ನಿಮ್ಮನ್ನ ಕೇಳ್ಕಂಡು ಯಾರೋ ಬಂದಿದ್ರು ಕಣಪ್ಪ. ಲಿಂಗಣ್ಣೋರ ಮನೆಗೆ ದಿನಾ ಎಸ್ಟು ಎಲೆ ಓಯ್ತದೆ, ಅಗಿಯೋರು ಯಾರ್ಯಾರು ಅಂತ ಕೇಳುದ್ರು. ಕೇಳ್ಬುಟ್ಟು, ನಮಗ್ಯಾಕೆ ಊರ ಉಸಾಬರಿ, ಸುಮ್ನೆ ಕೇಳ್ದೆ, ಅಂದ್ರು."

"ಯಾರವ್ವ ಅವರು? ಎಲ್ಲಿಯೋರು?"

"ನಾನ್ಯಾಕೆ ಕೇಳ್ಲಿ? ಕೇಳಾದು ನಿಮ್ಮ ಕೆಲ್ಸ."

"ನೀನೇನಂದೆ?"

"ಬಲೇ ಒಳ್ಳೇರು, ಆದ್ರೆ ಬುಟ್ಟಿ ಬಟ್ಟೆ ಎತ್ತದೆ ಒಂದಿನಾನೂ ಎಲೆ ತಕ್ಕಂಡಿಲ್ಲ ಅಂದೆ. ಸುಳ್ಳಾ?"

ಸುಳ್ಳೆನ್ನಲು ಬಾಯಿ ತೆರೆದ ಲಿಂಗಣ್ಣನವರು, ತಮ್ಮ ಕೈ ಆಗಲೇ ಬುಟ್ಟಿಯ ಬಟ್ಟೆಯ ಮೇಲಿರುವುದನ್ನು ಕಂಡು ಬಾಯಿ ಮುಚ್ಚಿದರು.

ಅಪರಿಚಿತನೊಬ್ಬ ತಮ್ಮ ವಿಚಾರ ಕೇಳುತ್ತ ಊರಿನಲ್ಲಿ ಅಲೆಯುತ್ತಿರುವಾಗ, ಅವನ ವಿಚಾರ ತಿಳಿಯದೆ ಮನೆಗೆ ಹೋಗುವುದು ಲಿಂಗಣ್ಣನವರಿಂದ ಸಾಧ್ಯವಿರಲಿಲ್ಲ. ಮುದ್ದಯ್ಯನ ಗಾಣಕ್ಕೆ ಹೋದರು. ಅಲ್ಲಿಗೆ ಬಂದ ಆಸಾಮಿ, ಲಿಂಗಣ್ಣನವರ ಮನೆಯಲ್ಲಿ ದೀಪಕ್ಕೆ ಯಾವ ಎಣ್ಣೆ, ಒಗ್ಗರಣೆಗೆ ಯಾವ ಎಣ್ಣೆ ಎಂದು ಕೇಳಿ, ಆಗತಾನೆ ದರ್ಜಿಯ ಅಂಗಡಿಯ ಕಡೆ ಹೋಗಿದ್ದ. ದರ್ಜಿ ನಿಜಾಮುದ್ದೀನನ ಅಂಗಡಿಗೆ ಬಂದರೆ ಅಲ್ಲಿಂದಲೂ ಹೋಗಿಯಾಗಿತ್ತು.

"ನಿಮ್ಮ ಹೊಸಾ ಕೋಟಿಗೆ ಅಸ್ತರ್ ಹೊಸದು ಹಾಕಿದ್ಯಾ ಹಳೇದು ಹಾಕಿದ್ಯಾ ಅಂತ ಕೇಳಿದ್ರು ಯಜಮಾನ್ರೆ," ಎಂದ ನಿಜಾಮುದ್ದೀನ್, ಸೂಜಿಗೆ ದಾರ ಪೋಣಿಸುತ್ತ. "ಛತ್ರಿ ಕಂಕುಳಲ್ಲಿ ಇಟ್ಕೊಂಡು, ಒಂದು ಚಿಟಿಕೆ ನಶ್ಯ ಏರಿಸಿ, ಆಕಾಶ ನೋಡ್ಕೊಂಡು ಕೇಳ್ತಾರೆ. ಕೇಳಿ ಆದ್ಮೇಲೆ, ನಮಗ್ಯಾಕೆ ಊರ ಉಸಾಬರಿ ಅಂತಾರೆ. ತಮಾಷೆ ಮನುಷ್ಯ. ನಾಟಕದ ಖದೀರ್ ಭಾಯಿ ಇಲ್ಲೇ ನಿಂತಿದ್ರು, ಬಾಯಿ ಬಿಟ್ಕೊಂಡು ನೋಡಿದ್ದೇ ನೋಡಿದ್ದು. ಅವರ ಹಿಂದೇನೇ ಹೋದ್ರು."

ಕೊನೆಯ ಮಾತುಗಳು ಲಿಂಗಣ್ಣನವರ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಅವರು ಮುಂದಿನ ಅಂಗಡಿಯಲ್ಲಿದ್ದರು. ಹೀಗೆ ಆ ಬೆಳಿಗ್ಗೆ ಸರಗೂರಿನ ಸಂತೆಯಲ್ಲಿ ಒಬ್ಬರು ಲಿಂಗಣ್ಣನವರನ್ನು ವಿಚಾರಿಸುತ್ತ ಮುಂದೆ ಮುಂದೆ, ಲಿಂಗಣ್ಣನವರು ಅವರನ್ನು ವಿಚಾರಿಸುತ್ತ ಹಿಂದೆ ಹಿಂದೆ, ಗಾಣಕ್ಕೆ ಕಟ್ಟಿದ ಎತ್ತುಗಳಂತೆ ಸುತ್ತಿದರು. ಒಂದು ಸಲವೂ ಮುಖಾಮುಖಿಯಾಗಲಿಲ್ಲ.

ಬೆವರಿಳಿಸಿಕೊಂಡು ಮನೆಗೆ ಬಂದಾಗ ಪಡಸಾಲೆಯ ಜಮಖಾನದ ಮೇಲೆ ದಪ್ಪನೆಯ ಹಿರಿಯರೊಬ್ಬರು ಕುಳಿತಿದ್ದರು. ಪಕ್ಕದಲ್ಲಿ ಛತ್ರಿ. ಕೈಯಲ್ಲಿ ನಶ್ಯದ ಡಬ್ಬಿ. ಅವರು ಗಂಟಲು ಸರಿಮಾಡಿಕೊಂಡು, ಚಿಟಿಕೆ ನಶ್ಯ ಏರಿಸಿ, ತೊಲೆಯ ಕಡೆ ನೋಡುತ್ತ ಶಿವರುದ್ರಮ್ಮನವರನ್ನು ಕೇಳುತ್ತಿದ್ದರು: "ಈ ತೊಲೆ ತೇಗದ್ದೋ ಹೊನ್ನೇದೋ? ನಮಗ್ಯಾಕೆ ಊರ ಉಸಾಬರಿ, ಸುಮ್ನೆ ಕೇಳ್ದೆ."

ಗಾವಡಗೆರೆಯ ವೀರಭದ್ರಸ್ವಾಮಿಯವರು.

ಲಿಂಗಣ್ಣನವರ ಮನಸ್ಸು ಒಮ್ಮೆಲೆ ಹಗುರವಾಯಿತು. ಹೆಣ್ಣು ತರುವವರು ಹೇಳದೆ ಮುಂಚಿತವಾಗಿ ಬಂದು ಮನೆತನವನ್ನು ವಿಚಾರಿಸುವುದು ಎಲ್ಲ ಕಡೆಯ ರೂಢಿ. ಅವರು ಅಪರಿಚಿತನ ಒಗಟು ಬಿಡಿಸಿದ ಸಂತೋಷದಲ್ಲಿ, ಹಳೆಯ ಕೋಟನ್ನು ತೊಟ್ಟು, ಬೀಗರಿಗೆ ಎರಡು ಹೋಳಿಗೆ ಹೆಚ್ಚಾಗಿಯೇ ಬಡಿಸಿದರು. ಬೀಗರ ಚೀಲದಲ್ಲಿ ಏನಿದೆಯೆಂದು ನೋಡುವ ಆಸೆಯನ್ನು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ತಡೆದರು. ಶಿವರುದ್ರಮ್ಮನವರು ಬಾಗಿಲ ಮರೆಯಿಂದ ಮೆಚ್ಚುಗೆಯಿಂದ ನೋಡಿದರು.

ಡೇರೆಯಲ್ಲಿ ಮುಂದಿನ ಕುರ್ಚಿಗಳಲ್ಲಿ ಬೀಗರಿಬ್ಬರೂ ಪಕ್ಕಪಕ್ಕದಲ್ಲಿ ಕುಳಿತರು. ಹಗ್ಗದಾಚೆಯ ಹೆಂಗಸರ ಕಡೆ ಶಿವರುದ್ರಮ್ಮ, ಕೆಂಪಾಜಮ್ಮ. ಹಿಂದಿನ ಸಾಲಿನಲ್ಲಿ ದೊಡ್ಡಮಾದಯ್ಯ, ಎಲ್ಲ ಮೂತಿಗಳೂ ಕಾಣುವಂಥ ಜಾಗವನ್ನು ಆರಿಸಿ ಕುಳಿತಿದ್ದ. ನಾಟಕದಲ್ಲಿ ರಾಜ ರಾಜ್ಯ ಕಳೆದುಕೊಂಡ, ಕಾಡಿಗೆ ಹೋದ, ಜನ ನಿದ್ರಿಸಿದರು. ಚಂದ್ರ ಮೀಸೆಯಿಲ್ಲದೆ ಉದಯಿಸಿದ್ದು ಕಂಡು ಒಂದಿಬ್ಬರು ಬೇಸರದಿಂದ ನಾಲಗೆ ಲೊಚಗುಟ್ಟಿದರು. ರಾಜನಿಗೆ ರಾಜ್ಯ ಮರಳಿ ಬಂದಿತು. ಆಮೇಲೆ ಪರದೆಯ ಹಿಂದಿನಿಂದ ಒಂದು ಕೆಮ್ಮು ಕೇಳಿತು. ಡೇರೆಗೆ ಡೇರೆಯೇ ಎದ್ದು ಕುಳಿತಿತು.

ಖದೀರ್ ಸಾಹೇಬರು ಹೊಟ್ಟೆಗೆ ದಿಂಬು ಕಟ್ಟಿ, ಕರಿಯ ಕೋಟು ತೊಟ್ಟು, ಕಂಕುಳಲ್ಲಿ ಛತ್ರಿಯಿಟ್ಟು ಬಂದರು. ಹಿಂದಿನಿಂದ ನಿಜಾಮುದ್ದೀನನ ಪಿಸುಮಾತು ಮೂರು ಸಾಲಿಗೆ ಕೇಳಿಸಿತು: "ಲಿಂಗಣ್ಣೋರ ಕೋಟು. ನನ್ನ ಹೊಲಿಗೆ."

ಪ್ರಹಸನದಲ್ಲಿ ಕಥೆಯೆಂಬುದು ಹೆಚ್ಚಿಗೆ ಏನೂ ಇರಲಿಲ್ಲ. ಒಬ್ಬ ದೊಡ್ಡ ಮನುಷ್ಯ ಸತ್ತು ಯಮಲೋಕಕ್ಕೆ ಹೋಗುತ್ತಾನೆ. ಬಾಗಿಲ ಬಳಿ ನಿಂತು ಗಂಟಲು ಸರಿಮಾಡಿಕೊಂಡು, ಚಿಟಿಕೆ ನಶ್ಯ ಏರಿಸಿ, ಮೇಲೆ ನೋಡುತ್ತ ಯಮದೂತನನ್ನು ಕೇಳುತ್ತಾನೆ: "ಈ ಕೊಪ್ಪರಿಗೆ ತಾಮ್ರದ್ದೋ ಹಿತ್ತಾಳೇದೋ? ಎಣ್ಣೆ ಹುಚ್ಚೆಳ್ಳಿಂದೋ ಹರಳಿಂದೋ? ನಮಗ್ಯಾಕೆ ಲೋಕದ ಉಸಾಬರಿ, ಸುಮ್ನೆ ಕೇಳ್ದೆ." ಯಮನ ಕೋಣದ ಹಲ್ಲು ಬಿಡಿಸಿ ವಯಸ್ಸು ನೋಡುತ್ತಾನೆ. ಯಮನ ಹೆಂಡತಿಯ ತವರು ಯಾವುದೆಂದು ವಿಚಾರಿಸುತ್ತಾನೆ. ಕಡೆಗೆ ಯಮನೇ ಕೈಮುಗಿದು, ಇವನನ್ನು ಭೂಲೋಕಕ್ಕೆ ಬಿಟ್ಟು ಬನ್ನಿರೆಂದು ದೂತರನ್ನು ಬೇಡಿಕೊಳ್ಳುತ್ತಾನೆ.

ಚಂದ್ರನಲ್ಲವೆಂಬುದು ಖಚಿತವಾದ ಕೂಡಲೆ ಲಿಂಗಣ್ಣನವರು ಎಲ್ಲರಿಗಿಂತ ಮೊದಲು ನಗಲು ಬಾಯಿ ತೆರೆದಿದ್ದರು. ಮೊದಲ ಚಿಟಿಕೆ ನಶ್ಯಕ್ಕೆ ಆ ಬಾಯಿ ಹಾಗೆಯೇ ನಿಂತಿತು. ಮೊದಲ ಉಸಾಬರಿಗೆ ಮುಚ್ಚಿಕೊಂಡಿತು. ಪರಸ್ಥಳದವರನ್ನು ಆಡಿ ಎಂದು ಸಲಹೆ ಕೊಟ್ಟವರು ತಾವು. ಕೋಟು ಕೊಟ್ಟವರು ತಾವು. ಬೆಳಗಿನಿಂದ ಸಂತೆಯಲ್ಲಿ ಅಲೆದ ಪರಸ್ಥಳದವರು ತಮ್ಮ ಮಗ್ಗುಲಲ್ಲೇ ಕುಳಿತಿದ್ದಾರೆ. ಹಗ್ಗದಾಚೆ ಕೆಂಪಾಜಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಮುಂದೆ ತನಗೆ ಮಾವನಾಗಬೇಕಾದವರನ್ನು ನೋಡಿ ನಗುತ್ತಿದ್ದೇನೆಂಬುದು, ಊಟದ ಹೊತ್ತಿನಲ್ಲಿ ಒಳಮನೆಯಿಂದ ಈಚೆಗೆ ಬಾರದಿದ್ದ ಆ ಹುಡುಗಿಗೆ ಹೊಳೆದಿರಲಿಲ್ಲ. ಬೀಗರ ಪಕ್ಕದಲ್ಲಿ ಕೂತು ಬೀಗರನ್ನು ನೋಡಿ ನಗುವುದುಂಟೆ? ಲಿಂಗಣ್ಣನವರು ಹಲ್ಲು ಕಚ್ಚಿ, ಉಸಿರು ಹಿಡಿದು, ಬಾಗಿಲ ಪಕ್ಕದ ಕಲ್ಲಿನ ದ್ವಾರಪಾಲಕನಂತೆ ಕುಳಿತರು.

ಆದರೆ ಪಕ್ಕದ ಕುರ್ಚಿ ಅಲುಗುತ್ತಿತ್ತು. ಮೆಲ್ಲನೆ ಕಣ್ಣು ಹೊರಳಿಸಿ ನೋಡಿದರೆ, ವೀರಭದ್ರಸ್ವಾಮಿಯವರು ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ ನಗುತ್ತಿದ್ದರು. ಇಡೀ ಡೇರೆಯಲ್ಲಿ ಅವರಷ್ಟು ನಕ್ಕವರು ಇನ್ನೊಬ್ಬರಿಲ್ಲ. ನಗುವಿನ ನಡುವೆ ಒಂದು ಚಿಟಿಕೆ ನಶ್ಯ ಏರಿಸಿ, ರಂಗದ ಮೇಲೆ ನಶ್ಯ ಏರಿಸುತ್ತಿದ್ದವನನ್ನು ಬೆರಳು ತೋರಿಸಿ, ಮತ್ತೆ ನಕ್ಕರು. ಆಮೇಲೆ, ಎಲ್ಲರೂ ತಿರುಗಿ ನೋಡುತ್ತಿದ್ದ ದಿಕ್ಕಿಗೆ ತಾವೂ ತಿರುಗಿದರು. ಎಲ್ಲರೂ ನೋಡುತ್ತಿದ್ದುದು ನಗದಿದ್ದ ಒಂದೇ ಒಂದು ಮುಖವನ್ನು.

ಹೊತ್ತು ಇಳಿಯುವ ಮೊದಲು ಮಂಗಳವಾಯಿತು. ಜನ ಗಾಡಿಗಳ ಕಡೆ ಧಾವಿಸಿದರು. ದೊಡ್ಡಮಾದಯ್ಯ ಪಕ್ಕದಲ್ಲಿ ಹಾದುಹೋಗುತ್ತ ಲಿಂಗಣ್ಣನವರ ಭುಜ ತಟ್ಟಿದ. "ನಿಮ್ಮ ಮೂತೀನ ಲೆಕ್ಕದಿಂದ ಬುಟ್ಟೆ ಕಣ್ರೀ. ಒಬ್ಬ ಮನ್ಸನ ಮ್ಯಾಲೆ ಎಲ್ಡು ಆಟ ಕಟ್ಟಕಿಲ್ಲ. ಚಂದ್ರ ಬ್ಯಾರೆ ಯಾವನೋ."

ವೀರಭದ್ರಸ್ವಾಮಿಯವರು ಬೀಗರನ್ನು ಹುಣಿಸೆಮರದ ಮರೆಗೆ ಕರೆದೊಯ್ದರು. ಛತ್ರಿಯನ್ನು ಕಂಕುಳಿಗೆ ಸೇರಿಸಿದರು. ಗಂಟಲು ಸರಿಮಾಡಿಕೊಂಡರು. ನಶ್ಯ ಏರಿಸಿ, ಮರದ ಕೊಂಬೆಗಳನ್ನು ನೋಡುತ್ತ ಹೇಳಿದರು:

"ನಮಗ್ಯಾಕೆ ಊರ ಉಸಾಬರಿ. ಸುಮ್ನೆ ಕೇಳ್ತೀನಿ ಬೀಗರೆ. ಅದು ನೀವೇ ತಾನೆ?"

ಲಿಂಗಣ್ಣನವರು ಅವರ ಮುಖವನ್ನು ದಿಟ್ಟಿಸಿದರು. ಅಲ್ಲಿ ಯಾವ ಕಪಟವೂ ಇರಲಿಲ್ಲ. ಅಲ್ಲವೆಂದರೆ, ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ; ಕೇಳದೆ ಬಿಡುವ ಜಾತಿಯವರಲ್ಲ ಇವರು. ಹೆಣ್ಣುಮಗಳ ಮದುವೆ. ಲಿಂಗಣ್ಣನವರು, "ಹೌದು, ನಾನೇ," ಎಂದರು.

"ಗೊತ್ತಾಯ್ತು. ಬೆಳಗ್ಗೆಯಿಂದ ನಿಮ್ಮ ವಿಚಾರ ಕೇಳಿದ್ದೀನಿ. ಎಲ್ಲರದೂ ಒಂದೇ ಮಾತು: ಒಳ್ಳೇರು, ಆದ್ರೆ ಕಂಡೋರ ಬುಟ್ಟೀಗೆ ಕೈ ಹಾಕ್ತಾರೆ. ಉಸಾಬರಿ ಜನ ಕಂಡ್ರೆ ನನಗೆ ಆಗೋದೇ ಇಲ್ಲ. ನಿಜ ಹೇಳ್ತೀನಿ, ಎದ್ದು ಹೋಗೋಣ ಅಂತಲೇ ಇದ್ದೆ." ಅವರು ಲಿಂಗಣ್ಣನವರ ಕೈ ಹಿಡಿದುಕೊಂಡರು. "ಆದ್ರೆ ಊರಿಗೆ ಊರೇ ನಿಮ್ಮನ್ನ ನೋಡಿ ನಗ್ತಾ ಇದ್ರೆ, ಕೋಪ ಇಲ್ಲ, ತಾಪ ಇಲ್ಲ, ಕಲ್ಲಿನ ಹಂಗೆ ಕೂತಿದ್ರಲ್ಲ. ಅದು ಗಾಂಭೀರ್ಯ. ಅಂಥ ಬೀಗರು ಯಾರಿಗೆ ಸಿಕ್ತಾರೆ? ನಮಗೆ ಒಪ್ಪಿಗೆ."

ಲಿಂಗಣ್ಣನವರ ಕಣ್ಣು ತುಂಬಿ ಬಂದಿತು. ಬೀಗರು ಕೈ ಬಿಡಲಿಲ್ಲ.

"ಒಂದೇ ಒಂದು ಆಸೆ. ಮದುವೆ ನಮ್ಮೂರಲ್ಲಿ. ಊಟ ಆದ್ಮೇಲೆ ಚಪ್ಪರದಲ್ಲಿ ಆ ಸಾಹೇಬರನ್ನ ಕರೆಸಿ ನಿಮ್ಮ ಆಟ ಆಡಿಸ್ಬೇಕು. ನಮ್ಮ ಗಾವಡಗೆರೆಯೋರೆಲ್ಲ ನೋಡ್ಬೇಕು, ನಮ್ಮ ಬೀಗರು ಎಂಥೋರು ಅಂತ. ಆಗಲ್ಲ ಅನ್ಬೇಡಿ. ಅಂದ್ರೆ ಒಳಗೊಳಗೆ ಕೋಪ ಇಟ್ಕೊಂಡಿದ್ದೀರಿ ಅಂತ ತಿಳ್ಕೋತೀನಿ. ಒಳಗೆ ಕೋಪ ಇಟ್ಕೊಳ್ಳೋರ ಮನೇಲಿ ಹೆಣ್ಣು ತರೋಕೆ ನನಗೆ ಹೆದರಿಕೆ."

ಲಿಂಗಣ್ಣನವರಿಗೆ ಗಾವಡಗೆರೆಯ ಚಪ್ಪರ ಕಣ್ಣಿಗೆ ಕಟ್ಟಿತು. ಖದೀರ್ ಸಾಹೇಬರು ಛತ್ರಿ ಹಿಡಿದು ಬಂದು ಮೊದಲ ಚಿಟಿಕೆ ಏರಿಸುವುದರೊಳಗೆ, ಹುಟ್ಟಿದಂದಿನಿಂದ ಆ ಛತ್ರಿಯನ್ನೂ ಆ ಚಿಟಿಕೆಯನ್ನೂ ಕಂಡ ಊರು ಯಾರ ಕಡೆ ತಿರುಗುವುದೆಂಬುದರಲ್ಲಿ ಸಂದೇಹವಿರಲಿಲ್ಲ. ತಮ್ಮೂರಿನವರ ನಗುವಿನ ನಡುವೆ, ಆ ಆಟ ತಮ್ಮ ಮೇಲಿನದೇ ಎಂಬುದು ಬೀಗರಿಗೆ ಗೊತ್ತಾಗುತ್ತದೆ. ಹೊಸ ಮದುಮಗಳು ಅದೇ ಮನೆಯ ಹೊಸಿಲಿನೊಳಗೆ ಕಾಲಿಟ್ಟಿರುತ್ತಾಳೆ.

"ಆಡಿಸೋಣ," ಎಂದರು ಲಿಂಗಣ್ಣನವರು.

ಮನೆಯಲ್ಲಿ ದೀಪ ಹಚ್ಚುವ ಮುಂಚೆ ವೀಳ್ಯ ಬದಲಾಯಿತು. ಶಿವರುದ್ರಮ್ಮನವರು ಗಂಡನನ್ನು ಬಹಳ ವರ್ಷಗಳ ಮೇಲೆ ಹೆಮ್ಮೆಯಿಂದ ನೋಡಿದರು. ಲಿಂಗಣ್ಣನವರು ಕೋಟು ತರುತ್ತೇನೆಂದು ಹೇಳಿ ಡೇರೆಗೆ ಓಡಿದರು.

ಖದೀರ್ ಸಾಹೇಬರು ಮುಖದ ಬಣ್ಣ ತೆಗೆಯುತ್ತ ಎಲ್ಲವನ್ನೂ ಕೇಳಿದರು. ನಗಲಿಲ್ಲ; ನಗಿಸುವ ಕಸುಬಿನವರು ಸುಮ್ಮನೆ ನಗುವುದಿಲ್ಲ.

"ಗಾವಡಗೆರೆಗೆ ಬರೋಣ ಸ್ವಾಮಿ. ಆ ಛತ್ರಿ ಆಟ ಅಲ್ಲಿ ಬೇಡ ಅಂದ್ರಿ, ಬಿಟ್ಟೆ. ಆದ್ರೆ ಬೀಗರು ಕೇಳಿರೋದು ನಿಮ್ಮ ಮೇಲಿನ ಆಟ. ನಿಮ್ಮ ಮೇಲೆ ನನ್ನ ಹತ್ರ ಇರೋದು ಒಂದೇ."

ಅವರ ನೋಟವನ್ನು ಹಿಂಬಾಲಿಸಿ ಲಿಂಗಣ್ಣನವರು ತಿರುಗಿದರು. ನೀಲಿಯ ಪರದೆಯನ್ನು ಇನ್ನೂ ಮಡಿಸಿರಲಿಲ್ಲ. ಬಿದಿರಿನ ಬಳೆಯ ದುಂಡನೆಯ ತೂತು ಮೇಲಿನಿಂದ ಅವರನ್ನೇ ನೋಡುತ್ತಿತ್ತು.

"ಅದು ಬಿಟ್ಟು ಬೇರೆ ಇಲ್ವೆ ಸಾಹೇಬ್ರೆ?"

"ಇಲ್ಲ. ಅದಕ್ಕೂ ಒಂದು ತೊಂದರೆ ಇದೆ. ನಾನು ಆಡಿ ನೋಡಿದೆ. ನನ್ನ ಮುಖ ಸಣ್ಣದು, ಆ ತೂತಲ್ಲಿ ನಿಲ್ಲೋದಿಲ್ಲ, ಜಾರಿ ಹಿಂದಕ್ಕೆ ಬಂದ್ಬಿಡ್ತದೆ. ನಿಮ್ಮದು ಅಳತೆ ತೆಗೆದು ಮಾಡಿದ ಹಂಗಿತ್ತು. ನೀವೇ ಬರಬೇಕಾಗ್ತದೆ."

ಲಿಂಗಣ್ಣನವರು ಪರದೆಯ ಹತ್ತಿರ ಹೋದರು. ತೂತಿನ ಅಂಚನ್ನು ಮುಟ್ಟಿ ನೋಡಿದರು. ಅಂಥ ಸಂಕಟದಲ್ಲೂ ಅವರ ಬಾಯಿಂದ ಬಂದದ್ದು ಬೇರೆಯೇ ಮಾತು.

"ಅಲ್ಲ ಸಾಹೇಬ್ರೆ, ಇದರ ಹಿಂದೆ ಹಿಡಿಯೋದು ಲಾಂದ್ರಾನೋ ಕನ್ನಡೀನೋ?"

"ಮದುವೆ ದಿನ ನಿಮಗೇ ಗೊತ್ತಾಗ್ತದೆ," ಎಂದು ಖದೀರ್ ಸಾಹೇಬರು ಕರಿಯ ಕೋಟನ್ನು ಕೊಡವಿ, ಮಡಿಸಿ, ಅವರ ಕೈಗಿತ್ತರು. "ಇದು ಇನ್ನು ಬೇಕಾಗಲ್ಲ. ಚಂದ್ರನಿಗೆ ಕೋಟಿಲ್ಲ. ಮೀಸೆ ಮಾತ್ರ ಅಷ್ಟರೊಳಗೆ ಮೊದಲಿನ ಹಂಗೆ ಬೆಳೆಸ್ಕೊಂಡು ಬನ್ನಿ."